ಅತ್ತೆ ನುಂಗಿದ ಮಾತು

ಗಂಡ ಹೆಂಡಿರಿಬ್ಬರೂ ಮಾತು ಬಿಟ್ಟು ವಾರವಾಗುತ್ತ ಬಂದಿದ್ದರೂ ಆ ಮನೆಯಲ್ಲಿ ಮಾತಿಗೇನೂ ಬರವಿರಲಿಲ್ಲ. ನಡುವೆ ಅತ್ತೆ ಇದ್ದರು. ‘ನಿಮ್ಮ ಮಗನಿಗೆ ಊಟಕ್ಕೆ ಬರೋಕೆ ಹೇಳಿ. ಆಮೇಲೆ ತಣ್ಣಗಾಯ್ತು ಅಂತ ಮೂತಿ ತಿರುವೋದು ಬೇಡ ಅನ್ನಿ’ ಎಂದು ಸೊಸೆ ಒಲೆಯ ಮುಂದೆ ಕೂತು ಹೇಳಿದರೆ, ಅಂಗಳದಲ್ಲಿ ಸೌದೆ ಸೀಳುತ್ತಿದ್ದ ಮಗನ ಕಿವಿಗೆ ಅದು ‘ಬಾಪ್ಪ, ಬಿಸಿ ಇರುವಾಗಲೇ ಉಣ್ಣಬೇಕಂತೆ, ನಿನಗೋಸ್ಕರ ಕಾಯ್ತಾ ಕೂತಿದಾಳೆ’ ಎಂದು ತಲುಪುತ್ತಿತ್ತು. ‘ಸಾರಿನಲ್ಲಿ ಉಪ್ಪಿಲ್ಲ, ಖಾರ ಮಾತ್ರ ಅವಳ ನಾಲಗೆಯಷ್ಟೇ ಇದೆ ಅಂತ ಹೇಳಮ್ಮ’ ಎಂದು ಮಗ ತಟ್ಟೆಯ ಮೇಲೆ ಬಗ್ಗಿ ಗೊಣಗಿದರೆ, ಮೂರು ಮಾರು ದೂರದಲ್ಲಿ ಕೂತ ಸೊಸೆಗೆ ‘ಚೆನ್ನಾಗಿದೆಯಂತೆ ಕಣೇ, ಒಂಚೂರು ಉಪ್ಪು ಬೇಕಂತೆ’ ಎಂಬ ವರದಿ ಬರುತ್ತಿತ್ತು. ಇಬ್ಬರಿಗೂ ಇಬ್ಬರ ಮಾತೂ ನೇರವಾಗಿಯೇ ಕೇಳಿಸುತ್ತಿತ್ತು. ಆದರೂ ಅತ್ತೆ ಸೋಸಿ ಕೊಟ್ಟದ್ದನ್ನಷ್ಟೇ ಕೇಳಿಸಿಕೊಂಡವರಂತೆ ನಡೆದುಕೊಳ್ಳುವುದು ಇಬ್ಬರಿಗೂ ಅನುಕೂಲವಾಗಿತ್ತು.

ಜಗಳ ಹುಟ್ಟಿದ್ದು ಒಂದು ಬಕೆಟ್ಟು ನೀರಿನಿಂದ.

ಅವನು ಪಟ್ಟಣದ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುತ್ತಿದ್ದವನು. ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಅವಳು ಅಂಥದೇ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವಳು, ಟೈಲರಮ್ಮ. ‘ಇಡೀ ಆಯುಷ್ಯ ಗೋಡೆಗಳ ನಡುವಿನ ಕತ್ತಲಲ್ಲಿ ಮೇಲೆ ಕೆಳಗೆ ಓಡಾಡಿದ್ದಾಯ್ತು. ಇನ್ನು ಮೇಲೆ ನೆಲದ ಮೇಲೆ ಅಡ್ಡಡ್ಡ ಓಡಾಡೋಣ’ ಎಂದು ಅವನು ಹೇಳಿದ ದಿನ ಅವಳು ನಕ್ಕಿದ್ದಳು. ಆದರೆ ಅವನು ತಮಾಷೆಗೆ ಹೇಳಿದ್ದಲ್ಲ. ಕಳೆದ ಚಳಿಗಾಲದಲ್ಲಿ ಅವರು ಮೂವರೂ ತಟ್ಟೆ ಬಟ್ಟಲು, ಹೊಲಿಗೆ ಯಂತ್ರ, ಬೀರುವಿನ ಬಾಗಿಲಿಂದ ಕಳಚಿದ ಆಳುದ್ದದ ಕನ್ನಡಿ, ಗುಜರಿಯಲ್ಲಿ ಸಿಕ್ಕ ಒಂದು ಲಿಫ್ಟಿನ ರಾಟೆ ಇಷ್ಟನ್ನು ಹೇರಿಕೊಂಡು ಈ ದಿಬ್ಬದ ಮೇಲಿನ ಕಲ್ಲುಮನೆಗೆ ಬಂದಿಳಿದಿದ್ದರು. ಕರೆಂಟಿನ ಕಡೆಯ ಕಂಬ ಇಟ್ಟಿಗೆ ಗೂಡಿನ ಬಳಿಯೇ ನಿಂತುಬಿಟ್ಟಿತ್ತು; ಅಲ್ಲಿಂದಾಚೆಗೆ ಬರೀ ಗಾಡಿದಾರಿ. ಮಾಡಿನ ಮೇಲೆ ಒಂದು ಸೋಲಾರ್ ಹಲಗೆ, ಕೋಣೆಯ ಮೂಲೆಯಲ್ಲಿ ಒಂದು ಬ್ಯಾಟರಿ, ಎರಡು ದೀಪ. ಮನೆಗೆಲ್ಲ ಇದ್ದ ಒಂದೇ ಫೋನು ಡಬ್ಬಿಯೊಳಗೆ ಆರಿಸಿಟ್ಟ ಸ್ಥಿತಿಯಲ್ಲೇ ಇರುತ್ತಿತ್ತು.

ಉಳಿತಾಯವೆನ್ನುವುದು ಅಲ್ಲಿ ಬರಿಯ ಅಭ್ಯಾಸವಾಗಿರಲಿಲ್ಲ. ಒಂದು ಬಗೆಯ ಪಂದ್ಯವೇ ಆಗಿಬಿಟ್ಟಿತ್ತು. ಬೆಂಕಿಕಡ್ಡಿ ಗೀರುವ ಮೊದಲು ಬೂದಿ ಕೆದಕಿ ಕೆಂಡ ಹುಡುಕಬೇಕು. ತರಕಾರಿ ತೊಳೆದ ನೀರು ಪಾತ್ರೆಗೆ, ಪಾತ್ರೆ ಬೆಳಗಿದ ನೀರು ನೆಲಕ್ಕೆ, ನೆಲ ಒರೆಸಿದ ನೀರು ಬದನೆ ಗಿಡಕ್ಕೆ. ಒಂದೇ ನೀರು ಹೀಗೆ ಮನೆಯನ್ನೆಲ್ಲ ಸುತ್ತಿ ಕಡೆಗೆ ಮಣ್ಣು ಸೇರುವಾಗ ಅದಕ್ಕೇ ಸುಸ್ತಾಗಿರುತ್ತಿತ್ತು. ಬಿಸಿಲು ಏರಿದಂತೆ ಬಾವಿ ಇಳಿಯಿತು. ಕೊಡ ಇಳಿಬಿಟ್ಟರೆ ಅರ್ಧ ನೀರು, ಅರ್ಧ ಹೂಳು ಬರತೊಡಗಿತು. ತಲೆಗೆ ನೀರು ಹಾಕಿಕೊಳ್ಳುವುದನ್ನು ಮೂವರೂ ಮುಂದೂಡುತ್ತ ಬಂದರು.

ಆ ದಿನ ಟೈಲರಮ್ಮನಿಗೆ ತಡೆಯಲಾಗಲಿಲ್ಲ. ನೆತ್ತಿ ತುರಿಸಿ ತುರಿಸಿ ಉರಿಯುತ್ತಿತ್ತು. ತಿಳಿಯಾಗಲೆಂದು ಇಟ್ಟಿದ್ದ ತುಂಬಿದ ಬಕೆಟ್ಟನ್ನು ಎತ್ತಿ, ಹಿತ್ತಲಿನ ಚಪ್ಪಡಿಯ ಮೇಲೆ ಕೂತು, ಕಡೆಯ ಹನಿಯವರೆಗೂ ತಲೆಯ ಮೇಲೆ ಸುರಿದುಕೊಂಡಳು. ಕಣ್ಣು ಒರೆಸಿಕೊಂಡು ನೋಡಿದರೆ ಎದುರಿಗೆ ಗಂಡ. ಅವನು ಅವಳನ್ನು ನೋಡುತ್ತಿರಲಿಲ್ಲ. ಒದ್ದೆಯಾದ ನೆಲವನ್ನು ನೋಡುತ್ತಿದ್ದ.

‘ಒಂದು ಬಕೆಟ್ಟು,’ ಎಂದ. ಅಷ್ಟೇ ಎಂದ.

ಅವನು ಕೂಗಾಡಿದ್ದರೆ ಅವಳೂ ಕೂಗಾಡಿ ಸರಿಹೋಗುತ್ತಿತ್ತು. ಸತ್ತವರನ್ನು ನೆನೆಯುವ ದನಿಯಲ್ಲಿ ಅವನು ಆ ಬಕೆಟ್ಟನ್ನು ನೆನೆದದ್ದು ಅವಳಿಗೆ ನಾಟಿತು. ಮಾತು ನಿಂತಿತು. ಅದಾದ ಕೆಲವೇ ದಿನಕ್ಕೆ, ಬಾವಿ ತೋಡುವವರು ಬರುವವರೆಗೆ ಕಾಯದೆ, ಹೂಳು ತೆಗೆಯುವ ಕೆಲಸವನ್ನು ತಾನೇ ಮಾಡುತ್ತೇನೆಂದು ಅವನು ಘೋಷಿಸಿದ. ಘೋಷಿಸಿದ್ದೂ ತಾಯಿಯ ಮೂಲಕವೇ: ‘ಇನ್ಮೇಲೆ ಮಹಾರಾಣಿಯವರು ದಿನಾ ತಲೆಗೆ ಸುರ್ಕೊಳ್ಳಬಹುದು ಅಂತ ಹೇಳಮ್ಮ.’

‘ನಿನಗೆ ನೀರಿನ ಕಷ್ಟ ಆಗಬಾರದಂತೆ,’ ಎಂದರು ಅತ್ತೆ.

ಇಟ್ಟಿಗೆ ಗೂಡಿನ ಯಜಮಾನರಿಂದ ಪೆಟ್ರೋಲ್ ಎಂಜಿನ್ನಿನ ಪುಟ್ಟ ಪಂಪೊಂದನ್ನು ಅವನು ಕೇಳಿ ತಂದ. ಬಾವಿಯ ದಂಡೆಯ ಮೇಲಿಟ್ಟರೆ ಅಷ್ಟು ಆಳದ ನೀರನ್ನು ಅದು ಎಳೆಯಲಾರದು. ಆದ್ದರಿಂದ ಅರ್ಧ ಆಳದಲ್ಲಿ, ಕಲ್ಲಿನ ಕಟ್ಟಣೆ ಮುಗಿದು ಬಂಡೆ ತೊಡಗುವ ಕಡೆ ಇದ್ದ ಅಗಲವಾದ ಮೆಟ್ಟಿನ ಮೇಲೆ ಅದನ್ನು ಕೂರಿಸಿದ. ಬೆಳಗಿನಿಂದ ಎಂಜಿನ್ನು ಬಾವಿಯೊಳಗೇ ಗುಡುಗಿತು. ಬಂದ ಕೆನ್ನೀರಲ್ಲಿ ಒಂದು ಹನಿಯೂ ಪೋಲಾಗಲಿಲ್ಲ. ಪೀಪಾಯಿ, ಕೊಳಗ, ಬಾನಿ, ಹೊಲಿಗೆ ಯಂತ್ರದ ಮುಚ್ಚಳ, ಎಲ್ಲವೂ ತುಂಬಿಕೊಂಡು ತಿಳಿಯಾಗಲು ಕೂತವು. ತಳದ ಕೆಸರು ಕಾಣಿಸಿದ ಮೇಲೆ ಅವನು ಎಂಜಿನ್ನನ್ನು ಆರಿಸಿ, ಮೇಲಕ್ಕೆಳೆದು, ಕಂದೀಲನ್ನು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟ. ಕಂದೀಲು ತಳ ಮುಟ್ಟಿತು. ಕುಡಿ ಅಲುಗದೆ ನಿಂತಿತ್ತು.

‘ದೀಪ ಉರೀತಾ ಇದೆ ಅಂತ ಹೇಳಮ್ಮ. ಗಾಳಿ ಚೆನ್ನಾಗಿದೆ.’

‘ಊಟ ಮಾಡ್ಕೊಂಡು ಇಳೀಬಹುದಲ್ಲ ಅನ್ನಿ,’ ಎಂದಳು ಟೈಲರಮ್ಮ, ಅತ್ತೆಯ ಕಡೆಗೆ ಮುಖ ಮಾಡಿ.

‘ಅಷ್ಟರಲ್ಲಿ ನೀರು ಒಸರಿ ಮತ್ತೆ ತುಂಬ್ಕೊಳುತ್ತೆ ಅನ್ನು. ಎರವಲು ತಂದ ಪೆಟ್ರೋಲು ಇನ್ನಿಲ್ಲ.’

ಅವಳಿಗೆ ಇನ್ನೊಂದು ಮಾತು ಹೇಳುವುದಿತ್ತು. ಮನುಷ್ಯನಿಗೊಂದು ಹಗ್ಗ, ಬಕೆಟ್ಟಿಗೊಂದು ಹಗ್ಗ ಬೇಕೆಂದು ಅವಳು ಹಿಂದೆಯೇ ಕೇಳಿದ್ದಳು. ‘ಒಂದೇ ಹಗ್ಗ ಎರಡು ಕೆಲಸ ಮಾಡುವಾಗ ಇನ್ನೊಂದು ಯಾಕೆ?’ ಎಂದು ಅವನು ಅದನ್ನು ಪಂದ್ಯದ ಲೆಕ್ಕಕ್ಕೆ ಸೇರಿಸಿದ್ದ. ಈಗ ಮತ್ತೆ ಕೇಳಬೇಕಾದರೆ ಮಾತಾಡಬೇಕು. ಅವಳು ಮಾತಾಡಲಿಲ್ಲ.

ಏರ್ಪಾಡು ಹೀಗಿತ್ತು. ದಂಡೆಯ ಮೇಲಿನ ತೊಲೆಗೆ ಲಿಫ್ಟಿನ ರಾಟೆ. ಅದರ ಮೇಲೆ ಹಾಯ್ದ ಹಗ್ಗ. ಹಗ್ಗದ ತುದಿಗೆ ಚಿಲಕವಿರುವ ಕಬ್ಬಿಣದ ಕೊಂಡಿ. ಅವನ ಎದೆಗೂ ತೊಡೆಗೂ ಸೇರಿ ಒಂದು ಪಟ್ಟಿ, ಎದೆಯ ಬಳಿ ಪಟ್ಟಿಗೊಂದು ಕಬ್ಬಿಣದ ಬಳೆ. ಹಳೆಯ ಕಾರುಗಳ ಸೀಟಿನ ಬೆಲ್ಟುಗಳನ್ನು ಕೂಡಿಸಿ ಆ ಪಟ್ಟಿಯನ್ನು ಹೊಲಿದವಳು ಟೈಲರಮ್ಮ. ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಸೂಜಿ ಓಡಿಸಿದ್ದನ್ನು ಕಂಡು ‘ದಾರ ದಂಡ’ ಎಂದಿದ್ದ ಅವನು. ಬಾವಿಗೆ ಇಳಿಯುವಾಗ ಗೋಡೆಯಿಂದ ಚಾಚಿದ ಕಲ್ಲುಗಳ ಮೇಲೆ ಕಾಲಿಡುತ್ತ ತಾನೇ ಇಳಿಯುವುದು. ಹತ್ತುವಾಗ ಕೊಂಡಿಯನ್ನು ಎದೆಯ ಬಳೆಗೆ ಹಾಕಿಕೊಳ್ಳುವುದು. ಮೇಲಿನವರು ಹಗ್ಗದ ಇನ್ನೊಂದು ತುದಿಗೆ ಕಲ್ಲು ತುಂಬಿದ ಚೀಲ ಕಟ್ಟಿ ಬಾವಿಯೊಳಕ್ಕೆ ನೂಕಿದರೆ, ಚೀಲ ಇಳಿದಂತೆ ಮನುಷ್ಯ ಏರುತ್ತಾನೆ. ‘ಲಿಫ್ಟು ನಡೆಯೋದೇ ಹೀಗೆ. ನೀನು ಒಂದು ಕೈಯಲ್ಲಿ ನನ್ನನ್ನ ಎತ್ತಬಹುದು’ ಎಂದು ಮಾತಿದ್ದ ದಿನಗಳಲ್ಲಿ ಅವನು ಹೆಮ್ಮೆಯಿಂದ ತೋರಿಸಿದ್ದ.

ಜೊತೆಗೆ ಒಂದು ಪಾಠವನ್ನೂ ಹೇಳಿಕೊಟ್ಟಿದ್ದ. ಲಿಫ್ಟಿನ ಗುಂಡಿಯಲ್ಲಿ ಇಳಿದವನಿಗೂ ಮೇಲೆ ನಿಂತವನಿಗೂ ನಡುವೆ ನಡೆಯಲೇಬೇಕಾದ ಮೂರು ಪ್ರಶ್ನೆ, ಮೂರು ಉತ್ತರ.

‘ಕೊಂಡಿ?’ ‘ಹಾಕಿದೆ.’

‘ಚಿಲಕ?’ ‘ಬಿತ್ತು.’ ಬಿದ್ದದ್ದು ಮೇಲಿನವನಿಗೆ ಕೇಳುವಂತೆ ಚಿಲಕವನ್ನು ಟಕ್ಕೆಂದು ಬಡಿಯಬೇಕು.

‘ಎಳೀಲಾ?’ ‘ಎಳಿ.’

‘ಮೂರನೇ ಉತ್ತರ ಬರೋವರೆಗೆ ಆಕಾಶ ಬಿದ್ರೂ ಎಳೀಬಾರದು. ಮತ್ತೆ ಅಲ್ಲಿ ರೀ ಗೀ ಎಲ್ಲ ನಡೆಯಲ್ಲ. ನನ್ನ ಜೊತೆಗಾರ ಕೂಗ್ತಿದ್ದ ಹಾಗೆ ಕೂಗ್ಬೇಕು’ ಎಂದಿದ್ದ. ಅವಳಿಗೆ ನಾಚಿಕೆಯಾಗಿ ಬಾಯಿಗೆ ಸೆರಗು ಹಿಡಿದಿದ್ದಳು. ಈಗ ಆ ಪಾಠವೂ ಅತ್ತೆಯ ಪಾಲಿಗೆ ಬಂದಿತ್ತು. ಬಕೆಟ್ಟಿನ ಮಟ್ಟಿಗಂತೂ ಪ್ರಶ್ನೋತ್ತರವನ್ನೇ ಬಿಟ್ಟು, ಅವನು ಹಗ್ಗವನ್ನು ಎರಡು ಸಲ ಜಗ್ಗುವುದು, ಇವಳು ಎಳೆಯುವುದು ಎಂದಾಗಿತ್ತು.

ಅವನು ಇಳಿದ. ಅತ್ತೆ ದಂಡೆಗೆ ಒರಗಿ ಕೂತು ಬೀರುವಿನ ಕನ್ನಡಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬಿಸಿಲನ್ನು ಬಾವಿಯ ತಳಕ್ಕೆ ಬಿಟ್ಟರು. ಬ್ಯಾಟರಿಯೂ ಬೇಡ, ಎಣ್ಣೆಯೂ ಬೇಡ; ಕೆಸರಿನ ಮೇಲೆ ಹಾಸಿಗೆಯಗಲದ ಬೆಳಕು ಬಿದ್ದು, ಅದರ ನಡುವೆ ಸಲಿಕೆ ಹಿಡಿದ ಲಿಫ್ಟಣ್ಣ ನಾಟಕದ ರಂಗದ ಮೇಲೆ ನಿಂತವನಂತೆ ಕಂಡ. ಹಗ್ಗ ಜಗ್ಗಿತು. ಟೈಲರಮ್ಮ ಹಗ್ಗವನ್ನು ಹೆಗಲಿಗೇರಿಸಿ ಬಾವಿಗೆ ಬೆನ್ನು ಹಾಕಿ ಬೇವಿನ ಮರದವರೆಗೆ ನಡೆದಳು. ಹಿಂದೆ ರಾಟೆ ಕಿರುಗುಟ್ಟಿ ಬಕೆಟ್ಟು ಮೇಲೆ ಬಂತು. ಹಗ್ಗವನ್ನು ಮರದ ಬುಡದ ಗೂಟಕ್ಕೆ ಸುತ್ತಿ, ಓಡಿ ಬಂದು, ಕೊಂಡಿ ಬಿಚ್ಚಿ, ಕಪ್ಪು ಹೂಳನ್ನು ದಂಡೆಯ ಪಕ್ಕಕ್ಕೆ ಸುರಿದು, ಬಕೆಟ್ಟನ್ನು ಮತ್ತೆ ಇಳಿಸಿದಳು. ಕೆಳಗೆ ಅವನು ಅದನ್ನು ಕೊಂಡಿಯಿಂದ ಕಳಚಿ, ತುಂಬಿ, ಮತ್ತೆ ಕೊಂಡಿಗೆ ಹಾಕಿ ಜಗ್ಗಿದ. ಮತ್ತೆ ಮರದ ಕಡೆ ನಡಿಗೆ. ಹೂಳಿನ ಗುಡ್ಡೆ ಮೊಣಕಾಲೆತ್ತರ ಬೆಳೆಯಿತು. ಒಳಗೊಳಗೆ ಅವಳಿಗೆ ಸಂತೋಷವೇ ಆಗುತ್ತಿತ್ತು. ಅದನ್ನು ತೋರಿಸಲು ಮುಖ ಒಪ್ಪುತ್ತಿರಲಿಲ್ಲ.

ಒಮ್ಮೆ ಮರದ ಬಳಿ ಇದ್ದಾಗ ಬಾವಿಯೊಳಗಿಂದ ಅವನ ದನಿ ಗುಂಯ್ಯೆಂದು ಎದ್ದಿತು. ಅಷ್ಟು ದೂರಕ್ಕೆ ಮಾತು ಬಿಡಿಬಿಡಿಯಾಗಿ ತಿಳಿಯಲಿಲ್ಲ.

‘ಏನಂತೆ?’ ಎಂದಳು ಹಿಂತಿರುಗಿ ಬಂದು.

ಅತ್ತೆ ಕನ್ನಡಿಯನ್ನು ಒಂದಿಷ್ಟು ಸರಿಸಿದರು. ಬಿಸಿಲು ಜರುಗುತ್ತಿತ್ತು, ಅದರ ಹಿಂದೆಯೇ ಕನ್ನಡಿಯೂ ಜರುಗಬೇಕು. ‘ಕೆಲಸ ಚೆನ್ನಾಗಿ ಆಗ್ತಾ ಇದೆಯಂತೆ,’ ಎಂದರು.

ಮುಂದಿನ ಬಕೆಟ್ಟು ಮುಕ್ಕಾಲು ಬಂತು. ಅದರ ಮುಂದಿನದು ಅರ್ಧ. ಸೋಮಾರಿತನ ಎಂದುಕೊಂಡಳು ಟೈಲರಮ್ಮ. ಆಮೇಲೆ, ತನಗೆ ಭಾರವಾಗದಿರಲೆಂದು ಕಡಿಮೆ ತುಂಬುತ್ತಿರಬಹುದು ಎಂದೂ ಅನ್ನಿಸಿ, ಆ ಯೋಚನೆಯನ್ನು ಕೂಡಲೇ ಗದರಿಸಿ ಕಳಿಸಿದಳು. ಮತ್ತೆ ದನಿ ಎದ್ದಿತು. ಈ ಸಲ ಅದು ಮೊದಲಿಗಿಂತ ಕಿರಿದಾಗಿತ್ತು.

‘ಈಗೇನಂತೆ?’

‘ಇನ್ನೇನು ಆಗೇಹೋಯ್ತು ಅಂದ ಕಣೇ.’

ಹಗ್ಗ ಜಗ್ಗಲಿಲ್ಲ. ಅವಳು ಕಾದಳು. ಜಗ್ಗಿತು, ಒಂದೇ ಸಲ. ಅದೂ ಮೀನು ಗಾಳವನ್ನು ಮುಟ್ಟಿದಷ್ಟು ಸಣ್ಣಗೆ. ಅವಳು ಎಳೆದಳು. ಹಗ್ಗ ಹಗುರವಾಗಿ ಓಡಿ ಬಂತು. ದಂಡೆಗೆ ಬಂದು ನೋಡಿದರೆ ಬಕೆಟ್ಟಿನ ತಳದಲ್ಲಿ ಒಂದು ಹಿಡಿ ಕೆಸರು. ಅವಳು ನೋಡಿದ್ದು ಅದನ್ನಲ್ಲ. ಕೊಂಡಿಯ ಚಿಲಕ ಬಾಯಿ ತೆರೆದುಕೊಂಡಿತ್ತು.

ಟೈಲರಮ್ಮನ ಕೈ ಅಲ್ಲೇ ನಿಂತಿತು. ಮದುವೆಯಾದಂದಿನಿಂದ ಆ ಮನುಷ್ಯ ಒಂದು ಚಿಲಕವನ್ನು ತೆರೆದು ಬಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಮಲಗಿದವನು ಎದ್ದು ಹೋಗಿ ಬಾಗಿಲು ಮುಟ್ಟಿ ನೋಡುವ ಜಾತಿ. ಪಟ್ಟಣದಲ್ಲಿ ಒಮ್ಮೆ, ಮನೆಗೆ ಬಂದು ಕೈ ತೊಳೆದವನು ಯಾವುದೋ ಒಂದು ಕೊಂಡಿಯ ನೆನಪಾಗಿ ಮಳೆಯಲ್ಲಿ ಹಿಂತಿರುಗಿ ಹೋಗಿದ್ದ. ಖಾಲಿ ಬಕೆಟ್ಟನ್ನೂ ಅವನು ಚಿಲಕ ಬಡಿದೇ ಕಳಿಸಬೇಕು.

‘ಅತ್ತೆ, ಅವರೇನಂದ್ರು?’

‘ಹೇಳಿದೆನಲ್ಲೇ, ಆಗೇಹೋಯ್ತು ಅಂತ...’

‘ಸೋಸ್ಬೇಡಿ ಅತ್ತೆ!’ ಅವಳ ದನಿಗೆ ಅವಳೇ ಬೆಚ್ಚಿದಳು. ‘ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ ಹೇಳಿ. ಬೈದಿದ್ರೆ ಬೈಗಳನ್ನೇ ಹೇಳಿ.’

ಅತ್ತೆ ಕನ್ನಡಿಯಿಂದ ಕಣ್ಣು ತೆಗೆದು ಸೊಸೆಯತ್ತ ತಿರುಗಿದರು. ‘ಮೊದಲ ಸಲ... ತಲೆ ಸಿಡೀತಾ ಇದೆ ಅಂತ ಹೇಳು ಅವಳಿಗೆ ಅಂದ. ಅವಳ ಮೂತಿ ನೋಡಿ ನೋಡಿ ತಲೆನೋವು ಹಿಡಿದಿದೆ ಅಂದ. ಇನ್ನೊಂದು ಜಗಳಕ್ಕೆ ಶುರು ಅಂದ್ಕೊಂಡು ನುಂಗ್ಬಿಟ್ಟೆ ಮಗಳೇ. ಎರಡನೇ ಸಲ, ಕಾಲು ನನ್ನದೇ ಅಲ್ಲ ಅನ್ನಿಸ್ತಿದೆ, ಹಾಳಾದ್ದು ವಾಕರಿಕೆ ಬೇರೆ, ಅವಳ ಸಾರಿನ ಪ್ರಭಾವ ಅಂದ. ಅದನ್ನ ಹೇಗೆ ಹೇಳ್ಲಿ ನಿನಗೆ?’

ತಲೆನೋವು. ಕಾಲು. ವಾಕರಿಕೆ. ಬೆಳಗಿನಿಂದ ಬಾವಿಯೊಳಗೆ ಗುಡುಗಿದ ಎಂಜಿನ್ನು.

ಅವನೇ ಹೇಳುತ್ತಿದ್ದ ಕಥೆಯೊಂದು ಅವಳ ಮುಂದೆ ಬಂದು ನಿಂತಿತು. ಒಂದು ಕಟ್ಟಡದ ನೆಲಮಾಳಿಗೆ. ಗಾಳಿಯಾಡದ ಮೂಲೆಯಲ್ಲಿ ಕಾರೊಂದನ್ನು ಚಾಲೂ ಇಟ್ಟು ಯಾರೋ ಮರೆತದ್ದು. ಪಕ್ಕದ ಗೂಡಿನಲ್ಲಿ ತಲೆನೋವೆಂದು ಮೇಜಿನ ಮೇಲೆ ತಲೆಯಿಟ್ಟ ಕಾವಲುಗಾರ ಮತ್ತೆ ತಲೆ ಎತ್ತದೆ ಹೋದದ್ದು. ‘ಕೆನ್ನೆ ಮದುಮಗನ ಹಾಗೆ ಕೆಂಪಗಿತ್ತು. ಹೊಗೆಯ ಆ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಅದು ದೀಪಾನೂ ಆರಿಸಲ್ಲ. ಪಕ್ಕದಲ್ಲೇ ಊದುಬತ್ತಿ ಉರೀತಾ ಇತ್ತು’ ಎಂದು ಅವನು ಎಷ್ಟು ಸಲ ಹೇಳಿರಲಿಲ್ಲ! ಊದುಬತ್ತಿ ಉರಿಯುತ್ತಿತ್ತು. ಕಂದೀಲೂ ಉರಿಯುತ್ತಿತ್ತು. ತನ್ನ ಕಥೆ ತನಗೇ ನೆನಪಾಗದಷ್ಟು ಅವನ ತಲೆಯಲ್ಲಿ ತುಂಬಿದ್ದೇನು? ಒಂದು ಬಕೆಟ್ಟು ನೀರು.

ಅವಳು ದಂಡೆಯ ಮೇಲೆ ಬಗ್ಗಿದಳು. ಕನ್ನಡಿಯ ಬೆಳಕಿನ ಅಂಚಿನಲ್ಲಿ ಅವನು ಬಂಡೆಗೆ ಬೆನ್ನು ಕೊಟ್ಟು ಕೆಸರಿನಲ್ಲಿ ಕಾಲು ಚಾಚಿ ಕೂತಿದ್ದ; ಊಟವಾದ ಮೇಲೆ ಜಗಲಿಯಲ್ಲಿ ಕೂರುವವನ ಹಾಗೆ.

‘ರೀ!’

ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ನೇರವಾಗಿ ಅವನಿಗೆ ಹೋದ ಮೊದಲ ಮಾತು ಅದು. ಅವನು ತಲೆ ಎತ್ತಲಿಲ್ಲ. ಅವಳ ಬಲಗಾಲು ತಾನಾಗಿಯೇ ದಂಡೆ ದಾಟಿ ಮೊದಲ ಕಲ್ಲಿನ ಮೇಲೆ ಇಳಿದಿತ್ತು. ಅಲ್ಲೇ ನಿಂತಳು. ಇಳಿದರೆ ಅಲ್ಲಿ ಇಬ್ಬರು ಕೂತಿರುತ್ತಾರೆ. ಮೇಲೆ ಒಬ್ಬ ಮುದುಕಿ, ಒಂದು ಕನ್ನಡಿ. ಕಾಲನ್ನು ಹಿಂದಕ್ಕೆಳೆದುಕೊಳ್ಳುವುದು ಅವಳು ಆವರೆಗೆ ಮಾಡಿದ ಎಲ್ಲ ಕೆಲಸಗಳಿಗಿಂತ ಕಷ್ಟದ್ದಾಗಿತ್ತು.

ಬಕೆಟ್ಟನ್ನು ಕಳಚಿ ಬಿಸಾಡಿ ಬರಿಯ ಕೊಂಡಿಯನ್ನು ಇಳಿಬಿಟ್ಟಳು. ಅದು ತೂಗುತ್ತ ಹೋಗಿ ಅವನ ಮುಖದ ಮುಂದೆ ನಿಂತಿತು.

‘ರೀ, ಕೊಂಡಿ ಬಂದಿದೆ ನೋಡ್ರಿ. ಎದೆಗೆ ಹಾಕ್ಕೊಳ್ಳಿ. ನಿಮ್ಮ ದಮ್ಮಯ್ಯ ಅಂತೀನಿ.’

‘ಯಾವ ಮಹಡಿ?’ ಕೆಳಗಿನಿಂದ ದನಿ ಬಂತು. ನಿದ್ದೆಯಲ್ಲಿ ಮಾತಾಡುವವನ ದನಿ. ‘ಲಿಫ್ಟು ಮೇಲ್ಗಡೆ ನಿಲ್ಸಿದೀರೇನ್ರೋ... ಊಟದ ಹೊತ್ತಲ್ವಾ...’

‘ಮಗಾ! ಹಾಕ್ಕೊಳೋ ರಾಜ!’ ಎಂದು ಅತ್ತೆ ಅತ್ತರು. ಕನ್ನಡಿ ನಡುಗಿತು, ಬಾವಿಯ ಗೋಡೆಯ ಮೇಲೆಲ್ಲ ಬೆಳಕು ಹುಚ್ಚು ಹಿಡಿದಂತೆ ಓಡಾಡಿತು.

‘ಅತ್ತೆ, ಕನ್ನಡಿ ಭದ್ರ!’

ಅವನು ಇಲ್ಲಿಲ್ಲ ಎಂಬುದು ಟೈಲರಮ್ಮನಿಗೆ ಹೊಳೆಯಿತು. ಯಾವುದೋ ಕಟ್ಟಡದ, ಯಾವುದೋ ಗುಂಡಿಯಲ್ಲಿ ಕೂತಿದ್ದಾನೆ. ಅಲ್ಲಿಗೆ ಹೆಂಡತಿಯ ದಮ್ಮಯ್ಯ ತಲುಪುವುದಿಲ್ಲ. ಅಲ್ಲಿಗೆ ತಲುಪುವ ದನಿ ಬೇರೆ ಇದೆ. ಅವಳು ಎರಡೂ ಕೈ ಬಾಯಿಗೆ ಹಿಡಿದು, ಹೊಟ್ಟೆಯ ಆಳದಿಂದ, ಗಂಡಸಿನ ಹಾಗೆ ಕೂಗಿದಳು.

‘ಏಯ್! ಕೊಂಡಿ?’

ಬಾವಿ ಆ ಕೂಗನ್ನು ದುಂಡಗೆ ಮಾಡಿ ಕೆಳಗಿಳಿಸಿತು. ಅವನ ತಲೆ ಅಲುಗಿತು.

‘ಹಾಕಿದೆ.’

‘ಸುಳ್ಳು ಬೊಗಳ್ಬೇಡ! ನಿನ್ನ ಮೂಗಿನ ಮುಂದೆ ತೂಗ್ತಾ ಇದೆ. ಕೈ ಎತ್ತು. ಆ ಕೈ ಅಲ್ಲ, ಬಲಗೈ. ಹಿಡಿ. ಹಿಡ್ಕೊಳೋ! ಕೊಂಡಿ?’

ಕೈ ಎದ್ದಿತು, ಗಾಳಿಯನ್ನು ಹಿಡಿಯಿತು, ಬಿತ್ತು. ಮತ್ತೆ ಎದ್ದು ಕೊಂಡಿಯನ್ನು ಹಿಡಿಯಿತು. ಆ ಕೈಗೆ ತನ್ನ ಯಜಮಾನನ ತಲೆ ಬೇಕಿರಲಿಲ್ಲ. ಎಷ್ಟೋ ವರ್ಷ ಕತ್ತಲಲ್ಲಿ ಮಾಡಿದ ಕೆಲಸ ಬೆರಳುಗಳಲ್ಲೇ ಉಳಿದಿತ್ತು. ಕೊಂಡಿ ಎದೆಯ ಮೇಲೆ ಬಳೆಯನ್ನು ತಡವಿತು, ಜಾರಿತು, ಮತ್ತೆ ತಡವಿತು.

‘ಹಾಕ್...ದೆ.’

‘ಚಿಲಕ?’

ಅವನ ಗದ್ದ ಎದೆಗೆ ತಾಗಿತ್ತು.

‘ಚಿಲಕ ಏನಾಯ್ತೋ? ನನಗೆ ಕೇಳಿಸ್ಲಿಲ್ಲ! ಚಿಲಕ?’

ಅವಳು ಉಸಿರು ಬಿಗಿಹಿಡಿದಳು. ಅತ್ತೆಯೂ ಅಳು ನುಂಗಿದರು. ಬಾವಿಯ ತಳದಲ್ಲಿ ಎಲ್ಲೋ ನೀರು ಒಸರುವ ಸದ್ದು ಮಾತ್ರ. ಆಮೇಲೆ, ತುಂಬ ಹೊತ್ತಿನ ಮೇಲೆ, ಒಂದು ಸಣ್ಣ ಟಕ್.

‘ಎಳೀಲಾ?’

ಮೂರನೆಯ ಉತ್ತರ ಬರಲಿಲ್ಲ. ಅದು ಬರುವವರೆಗೆ ಆಕಾಶ ಬಿದ್ದರೂ ಎಳೆಯಬಾರದೆಂದು ಹೇಳಿದವನೇ ಮೌನವಾಗಿದ್ದ. ಅವಳು ಅವನ ಮಾತನ್ನು ಮೀರಿದಳು. ಹಗ್ಗದ ತುದಿಯನ್ನು ಕಲ್ಲಿನ ಚೀಲಕ್ಕೆ ಬಿಗಿದು, ಭುಜ ಕೊಟ್ಟು, ದಂಡೆಯಿಂದಾಚೆಗೆ ನೂಕಿದಳು.

ಚೀಲ ಒಂದು ಮೊಳ ಇಳಿದು ನಿಂತುಬಿಟ್ಟಿತು. ಕೆಳಗೆ ಅವನ ದೇಹ ಅರ್ಧ ಎದ್ದು ನಿಂತವನಂತೆ ತೂಗಿತು. ಕಾಲು ಕೆಸರಿನಿಂದ ಬಿಡಲಿಲ್ಲ. ಗೋಡೆಯ ಕಲ್ಲುಗಳನ್ನು ಮೆಟ್ಟಿ ತಾನೂ ಅಷ್ಟಿಷ್ಟು ಹತ್ತುವವನ ಲೆಕ್ಕಕ್ಕೆ ಕಟ್ಟಿದ ಚೀಲ ಅದು. ಈಗ ಹತ್ತುವವನೇ ಇಲ್ಲ. ಜೊತೆಗೆ ಒದ್ದೆ ಬಟ್ಟೆ, ಬೂಟಿನ ತುಂಬ ಹೂಳು. ಅವಳು ಹಗ್ಗಕ್ಕೆ ಜೋತುಬಿದ್ದಳು. ಹಗ್ಗ ಕದಲಲಿಲ್ಲ. ಸುತ್ತ ಕಲ್ಲಿಗಾಗಿ ನೋಡಿದಳು. ಹತ್ತಿರ ಒಂದೂ ಇಲ್ಲ, ಇದ್ದದ್ದನ್ನೆಲ್ಲ ಚೀಲಕ್ಕೇ ತುಂಬಿಯಾಗಿತ್ತು. ಕಣ್ಣಿಗೆ ಬಿದ್ದದ್ದು ಬೆಳೆದು ನಿಂತಿದ್ದ ಕಪ್ಪು ಗುಡ್ಡೆ.

‘ಅತ್ತೆ, ಕೆಸರು! ಚೀಲದ ಬಾಯಿಗೆ ಕೆಸರು ತುಂಬಿ!’

‘ಕನ್ನಡಿನ ಎಲ್ಲಿ ಇಡ್ಲೇ?’

‘ಬಿಸಾಕಿ!’

ಜೀವಮಾನದಲ್ಲಿ ಒಂದು ಹರಕು ಚಿಂದಿಯನ್ನೂ ಬಿಸಾಡದ ಅತ್ತೆ ಆ ಆಳುದ್ದದ ಕನ್ನಡಿಯನ್ನು ಹಿಂದಕ್ಕೆ ಎಸೆದರು. ಅದು ಒಡೆದ ಸದ್ದನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನಾಲ್ಕು ಕೈಗಳೂ ಗುಡ್ಡೆಗೆ ಇಳಿದವು. ಅವನೇ ಬಗೆದು, ಅವನೇ ತುಂಬಿ, ಬಕೆಟ್ಟು ಬಕೆಟ್ಟಾಗಿ ಮೇಲೆ ಕಳಿಸಿದ್ದ ಹೂಳನ್ನು ಬೊಗಸೆ ಬೊಗಸೆಯಾಗಿ ಚೀಲದ ಬಾಯಿಗೆ ಬಡಿದರು. ಚೀಲ ಉಬ್ಬಿತು. ರಾಟೆ ನರಳಿತು. ಒಂದು ಗೇಣು ಇಳಿಯಿತು; ನಿಂತಿತು. ‘ಇಳಿಯೇ, ಇಳಿಯೇ ತಾಯಿ’ ಎಂದು ಅತ್ತೆ ಚೀಲವನ್ನೇ ಬೇಡಿಕೊಳ್ಳುತ್ತ ಇನ್ನೊಂದು ಬೊಗಸೆ ಹಾಕಿದರು. ಬಾವಿಯ ತಳದಲ್ಲಿ ಚಪ್ಪೆಂದು ಕೆಸರು ಬಾಯಿ ಬಿಟ್ಟ ಸದ್ದು ಬಂತು. ಚೀಲ ಇಳಿಯತೊಡಗಿತು.

ಈಗ ಕೆಳಗೆ ಕತ್ತಲು. ಟೈಲರಮ್ಮ ಹಗ್ಗವನ್ನು ಅಂಗೈಯೊಳಗೆ ಬಿಗಿಹಿಡಿದು ಬಿಡುತ್ತ, ಹಿಡಿಯುತ್ತ, ಕಿವಿಯಿಂದಲೇ ನೋಡಿದಳು. ಬೂಟು ಬಂಡೆಗೆ ಉಜ್ಜಿತು. ಒಂದು ಕಡೆ ಹಗ್ಗ ಥಟ್ಟನೆ ಬಿಗಿದು ನಿಂತಿತು: ಪಂಪು ಕೂತಿದ್ದ ಮೆಟ್ಟಿನ ಕೆಳಗೆ ಅವನ ಭುಜ ಸಿಕ್ಕಿಕೊಂಡಿತ್ತು. ಎಳೆದರೆ ಪಟ್ಟಿ ಹರಿಯಬಹುದು. ಅವಳು ಅವನ ಕಡೆಯ ಹಗ್ಗಕ್ಕೆ ಮೈಯ ಭಾರವನ್ನೆಲ್ಲ ಹಾಕಿ ಅವನನ್ನು ಒಂದು ಮೊಳ ಕೆಳಕ್ಕಿಳಿಸಿ, ಬಲಕ್ಕೆ ತೂಗಿ, ಮತ್ತೆ ಬಿಟ್ಟಳು. ಅಂಗೈ ಸುಲಿಯಿತು. ಒಂದು ಉಜ್ಜು, ಒಂದು ಬಡಿತ; ಹಗ್ಗ ಓಡಿತು. ಮೊದಲು ಕೊಂಡಿ ಕಾಣಿಸಿತು; ಚಿಲಕ ಮುಚ್ಚಿತ್ತು. ಆಮೇಲೆ ಪಟ್ಟಿ. ಅವನ ಇಡೀ ಭಾರ ಅವಳ ಹೊಲಿಗೆಯ ಒಂದೊಂದು ಗೆರೆಯ ಮೇಲೂ ನಿಂತಿತ್ತು. ಒಂದು ಎಳೆಯೂ ಬಿಟ್ಟಿರಲಿಲ್ಲ. ಆಮೇಲೆ ಮುಖ. ಕೆನ್ನೆ ಮದುಮಗನ ಹಾಗೆ ಕೆಂಪಗಿತ್ತು.

ಹಗ್ಗವನ್ನು ತೊಲೆಗೆ ಸುತ್ತಿ ಇಬ್ಬರೂ ಅವನನ್ನು ದಂಡೆಯ ಮೇಲೆ ಎಳೆದುಹಾಕಿ, ಕೊಂಡಿ ಕಳಚಿ, ಕಂಕುಳಿಗೆ ಕೈ ಕೊಟ್ಟು ಗಾಳಿ ಬೀಸುವ ಕಡೆ ಬೇವಿನ ಮರದವರೆಗೆ ಎಳೆದೊಯ್ದರು. ಅವಳು ಅವನ ಬಾಯಿಗೆ ಕೆನ್ನೆ ತಾಗಿಸಿದಳು. ಉಸಿರಿತ್ತು; ಇದ್ದೂ ಇಲ್ಲದಷ್ಟು. ಅವನನ್ನು ಮಗ್ಗುಲಿಗೆ ತಿರುಗಿಸಿದಾಗ ವಾಂತಿಯಾಯಿತು. ಅಷ್ಟು ಸಂತೋಷದಿಂದ ಅವಳು ಯಾರ ವಾಂತಿಯನ್ನೂ ನೋಡಿರಲಿಲ್ಲ.

‘ಅತ್ತೆ, ಫೋನು!’

ಉಳಿತಾಯದ ಡಬ್ಬಿಯೊಳಗೆ ಆರಿ ಮಲಗಿದ್ದ ಫೋನು ಏಳಲು ತನ್ನ ಹೊತ್ತನ್ನು ತೆಗೆದುಕೊಂಡಿತು. ಅತ್ತೆ ಅದನ್ನು ಎರಡು ಕೈಯಲ್ಲಿ ಹಿಡಿದು ಸಿಗ್ನಲ್ಲು ಸಿಗುವ ಬಂಡೆಯ ಮೇಲೆ ಹತ್ತಿ ನಿಂತರು. ‘ಗೂಡಿನ ಯಜಮಾನ್ರಾ? ನಾನು ಲಿಫ್ಟಣ್ಣನ ಅಮ್ಮ. ನಿಮ್ಮ ಪಂಪಿನ ಹೊಗೆ ಕುಡಿದು ಮಗ ಬಿದ್ದಿದಾನೆ. ಆಸ್ಪತ್ರೆಗೆ ಹೋಗ್ಬೇಕು, ಲಾರಿ ಕಳಿಸಿ. ಇಲ್ಲ ಇಲ್ಲ, ಚಿಕ್ಕ ಅನಾಹುತ ಅಲ್ಲ, ದೊಡ್ಡದೇ!’ ಎಂದು ಅವರು ಕೂಗುವುದು ಮರದವರೆಗೂ ಕೇಳಿಸಿತು. ಒಂದು ಅಕ್ಷರವೂ ಸೋಸಿರಲಿಲ್ಲ.

ಅವನ ಮೂಗು, ಬಾಯಿ, ಕಣ್ಣು ಎಲ್ಲ ಕೆಸರು. ಪೀಪಾಯಿ, ಬಾನಿಗಳ ನೀರು ಇನ್ನೂ ತಿಳಿಯಾಗಿರಲಿಲ್ಲ; ಒಳಗಿನ ಮೂಲೆಯಲ್ಲಿ ಕುಡಿಯಲೆಂದು ಮೀಸಲಿಟ್ಟಿದ್ದ ತಿಳಿನೀರಿನ ಬಕೆಟ್ಟೊಂದೇ ಉಳಿದಿತ್ತು. ಅವಳು ಅದನ್ನು ಎತ್ತಿ ತಂದು, ಚೊಂಬಿನ ಗೊಡವೆಗೆ ಹೋಗದೆ, ಮೆಲ್ಲಗೆ ಅವನ ತಲೆಯಿಂದ ಹಿಡಿದು ಸುರಿಯುತ್ತ ಬಂದಳು. ಕರಿಯ ನೀರು ಕಿವಿಯ ಹಿಂದಿನಿಂದ ಇಳಿದು ಬೇವಿನ ಬೇರಿಗೆ ಹೋಯಿತು. ಕಣ್ಣ ರೆಪ್ಪೆ ಒಂದು ಸಲ ಅದುರಿತು. ತುಟಿ ಅಲುಗಿತು. ಬಂಡೆಯಿಂದ ಇಳಿದು ಓಡಿಬಂದಿದ್ದ ಅತ್ತೆ ಅವನ ಬಾಯಿಗೆ ಕಿವಿ ಕೊಟ್ಟರು.

‘ಏನಂದ್ರು?’

ಅತ್ತೆ ತಲೆ ಎತ್ತಿದರು. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಒಂದು ಕ್ಷಣ ಅವರ ಬಾಯಲ್ಲಿ ಬೇರೆಯದೇ ಒಂದು ಮಾತು, ಸಿಹಿಯಾದದ್ದು, ಸಿದ್ಧವಾಗುತ್ತಿತ್ತು. ಆಮೇಲೆ ಅವರು ಅದನ್ನು ಉಗುಳಿಬಿಟ್ಟವರಂತೆ ಹೇಳಿದರು: ‘ಅರ್ಧ ಬಕೆಟ್ಟು ಸಾಕಾಗಿತ್ತು ಅಂತಿದಾನೆ ಕಣೇ.’

ಟೈಲರಮ್ಮನಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ‘ಅವರಿಗೆ ಹೇಳಿ ಅತ್ತೆ...’ ಎಂದು ಶುರುಮಾಡಿದವಳು ಅಲ್ಲೇ ನಿಲ್ಲಿಸಿ, ಕೆಸರಿನಲ್ಲಿ ಮಂಡಿಯೂರಿ, ಗಂಡನ ಕಿವಿಗೆ ತಾನೇ ಬಾಯಿಟ್ಟಳು.

‘ಉಳಿದರ್ಧ ನನ್ನ ಲೆಕ್ಕಕ್ಕೆ ಬರ್ಕೊಳ್ಳಿ. ಈಗ ಮಾತು ಬೇಡ, ಉಸಿರಾಡಿ. ಕೇಳಿಸ್ತಾ? ಉಸಿರು?’

ಅವನು ಉತ್ತರ ಹುಡುಕುತ್ತಿದ್ದ. ದಿಬ್ಬದ ಕೆಳಗೆ ಗಾಡಿದಾರಿಯಲ್ಲಿ ಲಾರಿಯ ಕೆಂಪು ಧೂಳು ಏಳುವುದು ಕಾಣಿಸಿತು. ಅವಳು ಇನ್ನೊಮ್ಮೆ, ಜೊತೆಗಾರನ ಗಟ್ಟಿ ದನಿಯಲ್ಲಿ, ಕೇಳಿದಳು.

‘ಉಸಿರು?’

‘ಬಂತು,’ ಎಂದ ಲಿಫ್ಟಣ್ಣ.